ಫ್ರೆಡ್ರಿಕ್ ಮೀಷರ್

ಯೋಹಾನ್ಸ್ ಫ್ರೆಡ್ರಿಕ್ ಮೀಷರ್ (೧೩ ಆಗಸ್ಟ್ ೧೮೪೪ – ೨೬ ಆಗಸ್ಟ್ ೧೮೯೫) ಸ್ವಿಟ್ಜರ್ಲೆಂಡಿನ ವೈದ್ಯರು, ಶರೀರಕ್ರಿಯಾಶಾಸ್ತ್ರಜ್ಞರು ಹಾಗೂ ಜೀವರಸಾಯನಶಾಸ್ತ್ರದ ಆದ್ಯರಲ್ಲಿ ಒಬ್ಬರು. ಇಂದು ಡಿಎನ್‌ಎ ಎಂದು ಕರೆಯಲ್ಪಡುವ ವಸ್ತುವನ್ನು ೧೮೬೯ರಲ್ಲಿ ಮೊತ್ತಮೊದಲು ಜೀವಕೋಶದಿಂದ ಬೇರ್ಪಡಿಸಿದ ಕೀರ್ತಿ ಇವರಿಗೆ ಸಲ್ಲುತ್ತದೆ. ಕೋಶಕೇಂದ್ರದಿಂದ ದೊರೆತ ಆ ವಸ್ತುವಿಗೆ ಇವರು ನ್ಯೂಕ್ಲೀನ್ ಎಂದು ಹೆಸರಿಟ್ಟರು. ಮೊದಲು ಗಾಯದ ಕೀವಿನಿಂದಲೂ ಅನಂತರ ಸಾಲ್ಮನ್ ಮೀನಿನ ವೀರ್ಯದಿಂದಲೂ ಇವರು ಅದನ್ನು ಸಂಗ್ರಹಿಸಿದರು. ಗಾಯ ಮಾಯಿಸಲು ಮತ್ತು ಮುಖದ ಚರ್ಮದ ಕಾಂತಿ ಹೆಚ್ಚಿಸಲು ಈಗ ಬಳಕೆಯಲ್ಲಿರುವ ಪಾಲಿನ್ಯೂಕ್ಲಿಯೋಟೈಡ್ ಎಂಬ ವಸ್ತುವೂ ಸಾಲ್ಮನ್ ಜಾತಿಯ ಮೀನಿನ ವೀರ್ಯದಿಂದಲೇ ತಯಾರಾಗುತ್ತಿರುವುದರಿಂದ ಮೀಷರ್ ಅವರ ಹೆಸರು ಸೌಂದರ್ಯಚಿಕಿತ್ಸೆಯ ಇತಿಹಾಸದೊಡನೆಯೂ ಸೇರಿಕೊಂಡಿದೆ.

ಜನನ ಮತ್ತು ಮನೆತನ

ಮೀಷರ್ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ವಿದ್ವಾಂಸರ ಮನೆತನದಲ್ಲಿ ಜನಿಸಿದರು. ತಂದೆಯ ಹೆಸರೂ ಯೋಹಾನ್ ಫ್ರೆಡ್ರಿಕ್ ಮೀಷರ್ ಎಂದೇ. ಅವರು ವೈದ್ಯರು ಹಾಗೂ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ತಾಯಿ ಆಂಟೋನಿ ಹಿಸ್. ತಾಯಿಯ ಸಹೋದರ, ಅಂದರೆ ಮೀಷರ್ ಅವರ ಸೋದರಮಾವ ವಿಲ್‌ಹೆಲ್ಮ್ ಹಿಸ್ ಅವರು ಆ ಕಾಲದ ಹೆಸರಾಂತ ಅಂಗರಚನಾಶಾಸ್ತ್ರಜ್ಞರು. ಐವರು ಗಂಡುಮಕ್ಕಳಲ್ಲಿ ಹಿರಿಯರಾದ ಮೀಷರ್ ಅವರಿಗೆ ಮನೆಯಲ್ಲಿಯೇ ವಿಜ್ಞಾನದ ವಾತಾವರಣ ದೊರೆಯಿತು. ಸಂಗೀತದಲ್ಲಿ ಅಭಿರುಚಿಯಿದ್ದ ಕುಟುಂಬವದು. ಆದರೆ ಎಳೆಯ ವಯಸ್ಸಿನಲ್ಲಿಯೇ ಕಾಯಿಲೆಯಿಂದ ಶ್ರವಣಶಕ್ತಿ ಕುಂದಿದ್ದರಿಂದ ಅವರು ಮಿತಭಾಷಿಗಳಾಗಿ, ಸಂಕೋಚ ಸ್ವಭಾವದವರಾಗಿ ಬೆಳೆದರು. ಓದಿನಲ್ಲಿ ಮಾತ್ರ ಅವರು ಸದಾ ಮುಂದಿದ್ದರು.

ವಿದ್ಯಾಭ್ಯಾಸ

ಮೀಷರ್ ಅವರು ಬಾಸೆಲ್‌ನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ನಡುವೆ ೧೮೬೫ರಲ್ಲಿ ಜರ್ಮನಿಯ ಗಟಿಂಗೆನ್‌ಗೆ ಹೋದರಾದರೂ ಅಲ್ಲಿ ವಿಷಮಶೀತಜ್ವರಕ್ಕೆ ತುತ್ತಾಗಿ ಓದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ೧೮೬೮ರಲ್ಲಿ ವೈದ್ಯ ಪದವಿಯನ್ನು ಪಡೆದರು. ರೋಗಿಯ ಎದೆಬಡಿತವನ್ನೂ ಉಸಿರಾಟದ ಸಪ್ಪಳವನ್ನೂ ಕಿವಿಗೊಟ್ಟು ಕೇಳಬೇಕಾದ ವೃತ್ತಿಗೆ ತಮ್ಮ ಮಂದ ಶ್ರವಣ ಅಡ್ಡಿಯಾಗುವುದೆಂದು ಅವರಿಗೆ ಮನವರಿಕೆಯಾಗಿತ್ತು. ಅಂಗಾಂಶಗಳ ಬೆಳವಣಿಗೆಯ ಕೊನೆಯ ಪ್ರಶ್ನೆಗಳಿಗೆ ರಸಾಯನಶಾಸ್ತ್ರವೇ ಉತ್ತರ ನೀಡಬಲ್ಲದು ಎಂಬುದು ಸೋದರಮಾವ ಹಿಸ್ ಅವರ ನಂಬಿಕೆ. ಆ ನಂಬಿಕೆಯ ಪ್ರಭಾವದಿಂದ ಮೀಷರ್ ಅವರು ವೈದ್ಯವೃತ್ತಿಯನ್ನು ಬಿಟ್ಟು ಸಂಶೋಧನೆಯ ದಾರಿಯನ್ನು ಹಿಡಿದರು. ೧೮೬೮ರಲ್ಲಿ ಅವರು ಜರ್ಮನಿಯ ಟ್ಯೂಬಿಂಗೆನ್ ನಗರವನ್ನು ಸೇರಿದರು.

ಕೋಟೆಯ ಅಡುಗೆಮನೆಯ ಪ್ರಯೋಗಾಲಯ

ಟ್ಯೂಬಿಂಗೆನ್‌ನಲ್ಲಿ ಫೆಲಿಕ್ಸ್ ಹಾಪ್-ಸೈಲರ್ ಅವರು ಜೀವರಸಾಯನಶಾಸ್ತ್ರದ ಪ್ರಯೋಗಾಲಯವನ್ನು ನಡೆಸುತ್ತಿದ್ದರು. ರಕ್ತದ ಕೆಂಪು ವಸ್ತುವಿಗೆ ಹಿಮೋಗ್ಲೋಬಿನ್ ಎಂಬ ಹೆಸರನ್ನು ಕೊಟ್ಟವರು ಇವರೇ. ನೆಕರ್ ನದಿಯ ಮೇಲಣ ಗುಡ್ಡದ ಹಳೆಯ ಕೋಟೆಯಲ್ಲಿ ಈ ಪ್ರಯೋಗಾಲಯವಿತ್ತು. ಮೀಷರ್ ಅವರ ಪಾಲಿಗೆ ಬಂದದ್ದು ಒಂದು ಕಾಲದಲ್ಲಿ ಕೋಟೆಯ ಅಡುಗೆಮನೆಯಾಗಿದ್ದ ಕಮಾನಿನ ಕೋಣೆ.

ಜೀವಕೋಶವು ಯಾವ ಯಾವ ವಸ್ತುಗಳಿಂದ ಆಗಿದೆ ಎಂಬುದನ್ನು ತಿಳಿಯುವುದು ಅವರ ಗುರಿಯಾಗಿತ್ತು. ಮೊದಲು ದುಗ್ಧಗ್ರಂಥಿಗಳಿಂದ ಬಿಳಿ ರಕ್ತಕಣಗಳನ್ನು ಪಡೆಯಲು ಯತ್ನಿಸಿದರು. ಪ್ರಯೋಗಕ್ಕೆ ಸಾಕಾಗುವಷ್ಟು ಕಣಗಳು ಅದರಿಂದ ದೊರೆಯಲಿಲ್ಲ. ಗಾಯಗಳನ್ನು ನಂಜಾಗದಂತೆ ಕಾಪಾಡುವ ವಿಧಾನಗಳು ಇನ್ನೂ ಎಲ್ಲೆಡೆ ರೂಢಿಗೆ ಬಂದಿರದ ಕಾಲವದು. ಶಸ್ತ್ರಚಿಕಿತ್ಸೆಯಾದ ರೋಗಿಗಳ ಗಾಯದಲ್ಲಿ ಕೀವು ಕಟ್ಟುವುದು ಸಾಮಾನ್ಯವಾಗಿತ್ತು. ಕೀವಿನಲ್ಲಿ ತುಂಬಿರುವುದು ಬಿಳಿ ರಕ್ತಕಣಗಳೇ. ಆದ್ದರಿಂದ ಮೀಷರ್ ಅವರು ಸಮೀಪದ ಆಸ್ಪತ್ರೆಯಿಂದ ಗಾಯಕ್ಕೆ ಕಟ್ಟಿ ಬಿಚ್ಚಿದ ಬಟ್ಟೆಗಳನ್ನು ದಿನವೂ ತರಿಸಿಕೊಂಡು, ಕೆಟ್ಟು ನಾರುತ್ತಿದ್ದವುಗಳನ್ನು ಬದಿಗಿರಿಸಿ, ತಾಜಾ ಕೀವನ್ನು ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ತೊಳೆದು ಕಣಗಳನ್ನು ಬೇರ್ಪಡಿಸಿದರು.

ನ್ಯೂಕ್ಲೀನ್‌ನ ಶೋಧ

ಕಣಗಳನ್ನು ಪರೀಕ್ಷಿಸುತ್ತಿದ್ದಾಗ, ಆಮ್ಲವನ್ನು ಬೆರೆಸಿದರೆ ಒತ್ತರಿಸಿ ತಳಕ್ಕೆ ಇಳಿಯುವ, ಕ್ಷಾರವನ್ನು ಬೆರೆಸಿದರೆ ಮತ್ತೆ ಕರಗುವ ಒಂದು ವಸ್ತು ಅವರ ಕಣ್ಣಿಗೆ ಬಿದ್ದಿತು. ಆಗ ತಿಳಿದಿದ್ದ ಯಾವ ಪ್ರೋಟೀನಿಗೂ ಅದರ ವರ್ತನೆ ಹೋಲುತ್ತಿರಲಿಲ್ಲ. ಅದು ಕೋಶಕೇಂದ್ರದಿಂದಲೇ ಬರುತ್ತಿರಬೇಕೆಂದು ಊಹಿಸಿದ ಮೀಷರ್ ಅವರು ಕೇಂದ್ರಗಳನ್ನು ಮಾತ್ರ ಪ್ರತ್ಯೇಕಿಸುವ ಕೆಲಸಕ್ಕೆ ತೊಡಗಿದರು. ಯಾರೂ ಅದುವರೆಗೆ ಅದನ್ನು ಸಮರ್ಪಕವಾಗಿ ಮಾಡಿರಲಿಲ್ಲ. ಕಣಗಳನ್ನು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ವಾರಗಟ್ಟಲೆ ಮತ್ತೆ ಮತ್ತೆ ತೊಳೆದರು. ಉಳಿದ ಪ್ರೋಟೀನುಗಳನ್ನು ಕರಗಿಸಲು ಹಂದಿಯ ಜಠರದಿಂದ ತೆಗೆದ ಪೆಪ್ಸಿನ್ ಎಂಬ ಜೀರ್ಣರಸವನ್ನು ಬಳಸಿದರು. ಕೊಬ್ಬನ್ನು ಈಥರಿನಿಂದ ತೆಗೆದರು. ಕೊನೆಗೆ ಉಳಿದ ಬೂದುಬಣ್ಣದ ಕೇಂದ್ರಗಳಿಂದ ಹೊಸ ವಸ್ತುವನ್ನು ಪಡೆದರು.

ವಿಶ್ಲೇಷಣೆ ಮಾಡಿದಾಗ ಅದರಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಮತ್ತು ಸಾರಜನಕಗಳ ಜೊತೆಗೆ ಬಹಳಷ್ಟು ರಂಜಕವೂ ಇರುವುದು ಕಂಡುಬಂದಿತು. ಪ್ರೋಟೀನುಗಳನ್ನು ಕರಗಿಸುವ ಪೆಪ್ಸಿನ್ ಇದನ್ನು ಕರಗಿಸಲಿಲ್ಲ. ಇದು ಹೊಸದೊಂದು ವರ್ಗದ ವಸ್ತುವೆಂಬ ತೀರ್ಮಾನಕ್ಕೆ ಬಂದ ಮೀಷರ್ ಅವರು ೧೮೬೯ರ ಫೆಬ್ರವರಿ ೨೬ರಂದು ಸೋದರಮಾವನಿಗೆ ಬರೆದ ಪತ್ರದಲ್ಲಿ ಆ ವಿಷಯವನ್ನು ತಿಳಿಸಿದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ.

ಪ್ರಕಟಣೆಯಲ್ಲಿ ವಿಳಂಬ

ಮೀಷರ್ ಅವರು ೧೮೬೯ರ ಶರತ್ಕಾಲದಲ್ಲಿ ಲೈಪ್‌ಜಿಗ್‌ಗೆ ತೆರಳಿ ಕಾರ್ಲ್ ಲುಡ್ವಿಗ್ ಅವರ ಪ್ರಯೋಗಾಲಯವನ್ನು ಸೇರಿದರು. ನ್ಯೂಕ್ಲೀನ್ ಕುರಿತ ಲೇಖನವನ್ನು ಬರೆದು ಹಾಪ್-ಸೈಲರ್ ಅವರಿಗೆ ಕಳುಹಿಸಿದರು. ಇಂಥ ಹೊಸ ವಸ್ತುವಿನ ವಿಚಾರದಲ್ಲಿ ಗುರುಗಳಿಗೆ ಸಂಶಯವಿತ್ತು. ಎಲ್ಲ ಪ್ರಯೋಗಗಳನ್ನೂ ತಾವೇ ಮತ್ತೊಮ್ಮೆ ಮಾಡಿ ನೋಡುವವರೆಗೆ ಅವರು ಲೇಖನವನ್ನು ಅಚ್ಚಿಗೆ ಕೊಡಲಿಲ್ಲ. ನಡುವೆ ೧೮೭೦ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಆರಂಭವಾಯಿತು. ಕಡೆಗೆ ೧೮೭೧ರಲ್ಲಿ ಹಾಪ್-ಸೈಲರ್ ಅವರ ಪತ್ರಿಕೆಯಲ್ಲಿ ಮೀಷರ್ ಅವರ ಲೇಖನವೂ, ಅದನ್ನು ದೃಢಪಡಿಸುವ ಗುರುಗಳ ಲೇಖನವೂ ಒಟ್ಟಿಗೆ ಪ್ರಕಟವಾದವು. ಗುರುಗಳ ಈ ಎಚ್ಚರಿಕೆಯಿಂದ ಶಿಷ್ಯನಿಗೆ ಎರಡು ವರ್ಷ ಕಾಯಬೇಕಾಯಿತಾದರೂ ಶೋಧಕ್ಕೆ ಬಲವಾದ ಸಾಕ್ಷಿ ದೊರೆತಂತಾಯಿತು. ಹಾಗಿದ್ದೂ ನ್ಯೂಕ್ಲೀನ್ ಎಂಬುದು ರಂಜಕ ಬೆರೆತ ಅಶುದ್ಧ ಪ್ರೋಟೀನಷ್ಟೇ ಎಂದು ವಾದಿಸುವವರು ಅನೇಕ ವರ್ಷಗಳ ಕಾಲ ಇದ್ದರು.

ರೈನ್ ನದಿಯ ಸಾಲ್ಮನ್

೧೮೭೧ರಲ್ಲಿ ತವರಿಗೆ ಮರಳಿದ ಮೀಷರ್ ಅವರು ಮರುವರ್ಷ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಬಾಸೆಲ್ ವಿಶ್ವವಿದ್ಯಾಲಯದ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದರು. ತಂದೆ ಮತ್ತು ಸೋದರಮಾವ ಇಬ್ಬರೂ ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದುದರಿಂದ ಈ ನೇಮಕ ಬಂಧುತ್ವದ ಬಲದಿಂದ ಆದದ್ದೆಂದು ಆಡಿಕೊಂಡವರೂ ಇದ್ದರು. ಅಲ್ಲಿ ಅವರಿಗೆ ದೊರೆತ ಸ್ಥಳ ಇಕ್ಕಟ್ಟಾಗಿತ್ತು, ಸಲಕರಣೆಗಳೂ ಕಡಿಮೆಯಿದ್ದವು.

ಆದರೆ ಊರಿನ ಪಕ್ಕದಲ್ಲಿಯೇ ರೈನ್ ನದಿ ಹರಿಯುತ್ತಿತ್ತು. ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡುವ ಕಾಲಕ್ಕೆ ನದಿಯ ಪ್ರವಾಹಕ್ಕೆ ಎದುರಾಗಿ ಈಜಿ ಬರುವ ಸಾಲ್ಮನ್ ಮೀನುಗಳು ಆ ದಿನಗಳಲ್ಲಿ ಬಾಸೆಲ್‌ನ ಮೀನುಗಾರರಿಗೆ ಹೇರಳವಾಗಿ ಸಿಗುತ್ತಿದ್ದವು. ಗಂಡು ಮೀನಿನ ವೀರ್ಯಾಣುವಿನ ತಲೆಯೆಂದರೆ ಬಹುಮಟ್ಟಿಗೆ ಕೋಶಕೇಂದ್ರವೇ. ಕೀವಿಗಿಂತ ಇದು ಎಷ್ಟೋ ಶುದ್ಧವಾದ, ಧಾರಾಳವಾಗಿ ದೊರೆಯುವ ಮೂಲವೆಂಬುದನ್ನು ಮೀಷರ್ ಅವರು ಕಂಡುಕೊಂಡರು. ಬೆಚ್ಚಗಿನ ಕೋಣೆಯಲ್ಲಿ ನ್ಯೂಕ್ಲೀನ್ ಬೇಗನೆ ಕೆಡುತ್ತಿದ್ದುದರಿಂದ ಚಳಿಗಾಲದ ನಸುಕಿನಲ್ಲಿಯೇ ಮೀನು ತಂದು, ಒಲೆ ಉರಿಸದ ಕೋಣೆಯಲ್ಲಿ ಕಿಟಕಿಗಳನ್ನು ತೆರೆದಿಟ್ಟು, ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ದುಡಿಯುತ್ತಿದ್ದರು.

ಈ ಶ್ರಮದ ಫಲವಾಗಿ ಗಂಧಕದ ಅಂಶವಿಲ್ಲದ ಶುದ್ಧ ನ್ಯೂಕ್ಲೀನ್ ಅವರಿಗೆ ದೊರೆಯಿತು. ಸಾಮಾನ್ಯವಾಗಿ ಪ್ರೋಟೀನುಗಳಲ್ಲಿ ಗಂಧಕವಿರುವುದರಿಂದ ಇದು ಪ್ರೋಟೀನಲ್ಲ ಎಂಬುದಕ್ಕೆ ಹೆಚ್ಚಿನ ಆಧಾರ ಸಿಕ್ಕಿತು. ಅದು ಆಮ್ಲಗುಣದ, ದೊಡ್ಡ ಗಾತ್ರದ ಅಣುವೆಂಬುದನ್ನೂ ಅವರು ಗುರುತಿಸಿದರು. ವೀರ್ಯಾಣುವಿನ ತಲೆಯಲ್ಲಿ ಈ ಆಮ್ಲದೊಡನೆ ಜೋಡಿಯಾಗಿದ್ದ ಪ್ರತ್ಯಾಮ್ಲೀಯ ವಸ್ತುವಿಗೆ ಪ್ರೋಟಮೀನ್ ಎಂದು ಹೆಸರಿಟ್ಟರು. ಗೆಂಡೆ ಮೀನು, ಕಪ್ಪೆ, ಕೋಳಿ ಮತ್ತು ಹೋರಿಗಳ ವೀರ್ಯಾಣುಗಳನ್ನೂ ಪರೀಕ್ಷಿಸಿ ೧೮೭೪ರಲ್ಲಿ ಲೇಖನವನ್ನು ಪ್ರಕಟಿಸಿದರು.

ಕೈಗೆ ಬಂದೂ ತಪ್ಪಿದ ಉತ್ತರ

ಒಂದೇ ಒಂದು ವಸ್ತುವು ಗರ್ಭಾಂಕುರಕ್ಕೆ ಕಾರಣವಾಗುವುದಾದರೆ ಮೊದಲು ನೆನೆಯಬೇಕಾದದ್ದು ನ್ಯೂಕ್ಲೀನ್ ಎಂಬ ವಿಚಾರವನ್ನು ಮೀಷರ್ ಅವರು ೧೮೭೪ರ ಲೇಖನದಲ್ಲಿ ಮಂಡಿಸಿದ್ದರು. ಆದರೆ ಮರುಕ್ಷಣವೇ ಅದನ್ನು ಕೈಬಿಟ್ಟರು. ಬೇರೆ ಬೇರೆ ಪ್ರಾಣಿಗಳ ನ್ಯೂಕ್ಲೀನ್ ಒಂದೇ ತೆರನಾಗಿ ತೋರುತ್ತಿದ್ದುದರಿಂದ, ಇಷ್ಟು ಸರಳವಾದ ವಸ್ತು ಜೀವಿಗಳ ವೈವಿಧ್ಯಕ್ಕೆ ಕಾರಣವಾಗಲಾರದೆಂದು ಅವರಿಗೆ ಅನ್ನಿಸಿತು. ಮುಂದೆ ೧೮೯೨ರಲ್ಲಿ ಹಿಸ್ ಅವರಿಗೆ ಬರೆದ ಪತ್ರದಲ್ಲಿ, ವರ್ಣಮಾಲೆಯ ಕೆಲವೇ ಅಕ್ಷರಗಳಿಂದ ಒಂದು ಭಾಷೆಯ ಎಲ್ಲ ಪದಗಳೂ ಮೂಡುವಂತೆ, ದೊಡ್ಡ ಅಣುವೊಂದರ ಭಾಗಗಳ ಜೋಡಣೆಯಲ್ಲಿನ ವ್ಯತ್ಯಾಸಗಳಿಂದಲೇ ಅನುವಂಶೀಯ ಗುಣಗಳ ವೈವಿಧ್ಯ ಉಂಟಾಗಬಹುದೆಂದು ಬರೆದರು. ಆ ಅಣು ಪ್ರೋಟೀನ್ ಇರಬೇಕೆಂಬುದು ಅವರ ಎಣಿಕೆಯಾಗಿತ್ತು. ಹೋಲಿಕೆ ಸರಿಯಾಗಿತ್ತು, ಅಣು ಮಾತ್ರ ಬೇರೆಯಾಗಿತ್ತು. ಆ ಅಣುವನ್ನು ಅವರೇ ಇಪ್ಪತ್ತಮೂರು ವರ್ಷಗಳ ಹಿಂದೆ ಶೋಧಿಸಿದ್ದರು.

ಇತರ ಕಾರ್ಯಗಳು

ರೈನ್ ನದಿಗೆ ಬಂದ ಸಾಲ್ಮನ್ ಮೀನುಗಳು ತಿಂಗಳುಗಟ್ಟಲೆ ಆಹಾರವನ್ನೇ ಸೇವಿಸುವುದಿಲ್ಲವೆಂಬುದನ್ನೂ, ಆ ಅವಧಿಯಲ್ಲಿ ಅವುಗಳ ಮಾಂಸಖಂಡಗಳು ಕರಗಿ ಜನನಾಂಗಗಳು ಬೆಳೆಯುತ್ತವೆಂಬುದನ್ನೂ ಮೀಷರ್ ಅವರು ಅಳತೆ, ತೂಕಗಳ ಸಹಿತ ತೋರಿಸಿದರು. ಉಸಿರಾಟದ ವೇಗವನ್ನು ಮುಖ್ಯವಾಗಿ ನಿಯಂತ್ರಿಸುವುದು ರಕ್ತದಲ್ಲಿನ ಆಮ್ಲಜನಕವಲ್ಲ, ಇಂಗಾಲದ ಡೈಆಕ್ಸೈಡ್ ಎಂಬುದನ್ನು ೧೮೮೫ರಲ್ಲಿ ಪ್ರತಿಪಾದಿಸಿದರು. ಎತ್ತರದ ಪ್ರದೇಶಗಳಲ್ಲಿ ರಕ್ತದಲ್ಲಾಗುವ ಬದಲಾವಣೆಗಳ ಅಧ್ಯಯನಕ್ಕೂ ಮಾರ್ಗದರ್ಶನ ನೀಡಿದರು. ಸೆರೆಮನೆಯ ಕೈದಿಗಳಿಗೆ ನೀಡುವ ಆಹಾರ ಸಾಕಷ್ಟು ಪೌಷ್ಟಿಕವಾಗಿದೆಯೇ ಎಂದು ಪರಿಶೀಲಿಸುವ ಕೆಲಸವನ್ನೂ ಸರ್ಕಾರ ಅವರಿಗೆ ವಹಿಸಿತ್ತು. ಇಂಥ ವರದಿಗಳು ಅವರ ಸಂಶೋಧನೆಯ ಸಮಯವನ್ನು ಬಹಳವಾಗಿ ನುಂಗಿದವು. ೧೮೮೫ರಲ್ಲಿ ಬಾಸೆಲ್‌ನಲ್ಲಿ ವೆಸೇಲಿಯಾನಮ್ ಎಂಬ ಅಂಗರಚನಾ ಹಾಗೂ ಶರೀರಕ್ರಿಯಾಶಾಸ್ತ್ರದ ಸಂಸ್ಥೆ ಸ್ಥಾಪನೆಯಾದದ್ದು ಅವರ ಪ್ರಯತ್ನದಿಂದ.

ವೈಯಕ್ತಿಕ ಜೀವನ ಮತ್ತು ನಿಧನ

ಮೀಷರ್ ಅವರು ೧೮೭೮ರಲ್ಲಿ ಮರಿಯಾ ಆನಾ ರ‍್ಯೂಶ್ ಅವರನ್ನು ವಿವಾಹವಾದರು. ಮದುವೆಯ ದಿನ ವರ ಕಾಣಿಸದಿದ್ದಾಗ ಸ್ನೇಹಿತರು ಪ್ರಯೋಗಾಲಯದಿಂದ ಕರೆತರಬೇಕಾಯಿತೆಂಬ ಕಥೆ ಪ್ರಚಲಿತದಲ್ಲಿದೆ. ಶ್ರವಣದೋಷ ಮತ್ತು ಸಂಕೋಚ ಸ್ವಭಾವಗಳಿಂದಾಗಿ ಅವರ ಪಾಠಗಳು ವಿದ್ಯಾರ್ಥಿಗಳಿಗೆ ಹಿಡಿಸುತ್ತಿರಲಿಲ್ಲ. ಪ್ರಯೋಗಗಳು ತಮಗೆ ಪೂರ್ಣ ತೃಪ್ತಿ ನೀಡುವವರೆಗೆ ಅವುಗಳನ್ನು ಪ್ರಕಟಿಸಲು ಅವರು ಒಪ್ಪುತ್ತಿರಲಿಲ್ಲ. ಆದ್ದರಿಂದ ಎಷ್ಟೋ ಫಲಿತಾಂಶಗಳು ಟಿಪ್ಪಣಿಗಳಲ್ಲಿ ಮತ್ತು ಪತ್ರಗಳಲ್ಲಿಯೇ ಉಳಿದವು.

ವಿಶ್ರಾಂತಿಯಿಲ್ಲದ ದುಡಿಮೆಯಿಂದ ದೇಹ ಸೊರಗಿತು. ಬಳಿಕ ಕ್ಷಯರೋಗ ತಗುಲಿತು. ಆ ಕಾಲದಲ್ಲಿ ಕ್ಷಯಕ್ಕೆ ಔಷಧವಿರಲಿಲ್ಲ. ಬೆಟ್ಟದ ಮೇಲಣ ಶುದ್ಧ ಗಾಳಿ ಮತ್ತು ವಿಶ್ರಾಂತಿಯೇ ಚಿಕಿತ್ಸೆ. ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು ದಾವೋಸ್‌ನ ಆರೋಗ್ಯಧಾಮವನ್ನು ಸೇರಿದ ಅವರು ೧೮೯೫ರ ಆಗಸ್ಟ್ ೨೬ರಂದು, ಐವತ್ತೊಂದನೆಯ ವಯಸ್ಸಿನಲ್ಲಿ ನಿಧನರಾದರು. ವಿಲ್‌ಹೆಲ್ಮ್ ಹಿಸ್ ಅವರು ಅಳಿಯನ ಲೇಖನಗಳನ್ನೂ ಪತ್ರಗಳನ್ನೂ ಸಂಗ್ರಹಿಸಿ ೧೮೯೭ರಲ್ಲಿ ಪ್ರಕಟಿಸಿದರು. ಮೀಷರ್ ಅವರ ಕೆಲಸದ ಬೆಲೆ ಕಾಲ ಕಳೆದಂತೆ ಕುಗ್ಗದೆ ಹೆಚ್ಚುವುದೆಂಬ ಭರವಸೆಯನ್ನು ಅದರ ಮುನ್ನುಡಿಯಲ್ಲಿ ವ್ಯಕ್ತಪಡಿಸಿದರು.

ನ್ಯೂಕ್ಲೀನ್‌ನಿಂದ ಡಿಎನ್‌ಎವರೆಗೆ

೧೮೮೯ರಲ್ಲಿ ರಿಚರ್ಡ್ ಆಲ್ಟ್‌ಮನ್ ಅವರು ಪ್ರೋಟೀನ್‌ರಹಿತವಾದ ನ್ಯೂಕ್ಲೀನ್ ಅನ್ನು ಪಡೆದು ಅದಕ್ಕೆ ನ್ಯೂಕ್ಲಿಕ್ ಆಮ್ಲವೆಂದು ಹೆಸರಿಟ್ಟರು. ಹೊಸ ಹೆಸರು ಬಳಕೆಗೆ ಬಂದಂತೆ ಮೀಷರ್ ಅವರ ಹೆಸರು ಹಿಂದೆ ಸರಿಯಿತು. ಹಾಪ್-ಸೈಲರ್ ಅವರ ಇನ್ನೊಬ್ಬ ಶಿಷ್ಯರಾದ ಆಲ್ಬ್ರೆಕ್ಟ್ ಕೊಸೆಲ್ ಅವರು ಈ ಆಮ್ಲದಲ್ಲಿನ ಪ್ರತ್ಯಾಮ್ಲಗಳನ್ನು ಗುರುತಿಸಿ ೧೯೧೦ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಪಡೆದರು. ಮೀಷರ್ ಅವರು ಹುಟ್ಟಿ ನೂರು ವರ್ಷಗಳಾದಾಗ, ೧೯೪೪ರಲ್ಲಿ, ಆಸ್ವಾಲ್ಡ್ ಏವರಿ ಮತ್ತು ಸಂಗಡಿಗರು ಬ್ಯಾಕ್ಟೀರಿಯಾಗಳಲ್ಲಿ ಅನುವಂಶೀಯ ಗುಣವನ್ನು ಸಾಗಿಸುವುದು ಡಿಎನ್‌ಎ ಎಂಬುದಕ್ಕೆ ಆಧಾರ ಒದಗಿಸಿದರು. ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಅವರು ಅದರ ಜೋಡಿ ಸುರುಳಿಯ ರಚನೆಯನ್ನು ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಪಾಲಿನ್ಯೂಕ್ಲಿಯೋಟೈಡ್ ಸರಪಳಿಗಳನ್ನು ತಯಾರಿಸಿ ಅನುವಂಶೀಯ ಸಂಕೇತವನ್ನು ಬಿಡಿಸುವಲ್ಲಿ ಪಾಲುಗೊಂಡ ಭಾರತ ಸಂಜಾತ ವಿಜ್ಞಾನಿ ಹರಗೋಬಿಂದ್ ಖುರಾನಾ ಅವರಿಗೆ ೧೯೬೮ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಪಾಲಿನ್ಯೂಕ್ಲಿಯೋಟೈಡ್ ಮತ್ತು ಚರ್ಮಚಿಕಿತ್ಸೆ

ಸಕ್ಕರೆ, ಫಾಸ್ಫೇಟ್ ಮತ್ತು ಪ್ರತ್ಯಾಮ್ಲಗಳಿಂದಾದ ಒಂದು ಘಟಕವೇ ನ್ಯೂಕ್ಲಿಯೋಟೈಡ್. ಅವುಗಳ ಉದ್ದನೆಯ ಸರಪಳಿ ಪಾಲಿನ್ಯೂಕ್ಲಿಯೋಟೈಡ್. ಮೀಷರ್ ಅವರ ನ್ಯೂಕ್ಲೀನ್ ಅಂಥ ಸರಪಳಿಯೇ ಆಗಿತ್ತು. ಚಿಕಿತ್ಸೆಗೆ ಬಳಸುವ ವಸ್ತುವನ್ನು ಸಾಮಾನ್ಯವಾಗಿ ಪೆಸಿಫಿಕ್ ಸಾಗರದ ಚಮ್ ಸಾಲ್ಮನ್ ಅಥವಾ ಮಳೆಬಿಲ್ಲು ಟ್ರೌಟ್ ಮೀನಿನ ವೀರ್ಯದಿಂದ ತೆಗೆಯುತ್ತಾರೆ. ಅಲರ್ಜಿಗೆ ಕಾರಣವಾಗಬಲ್ಲ ಪ್ರೋಟೀನುಗಳನ್ನು ನಿವಾರಿಸಿ, ಸರಪಳಿಗಳನ್ನು ತುಂಡರಿಸಿ, ಕಾಯಿಸಿ ರೋಗಾಣುರಹಿತವಾಗಿಸುತ್ತಾರೆ. ಪಿಡಿಆರ್‌ಎನ್ ಎಂಬ ಹೆಸರಿನಲ್ಲಿಯೂ ಇದು ಪರಿಚಿತವಾಗಿದೆ. ಇಟಲಿಯಲ್ಲಿ ಗಾಯ ಮಾಯಿಸುವ ಔಷಧವಾಗಿ ಬಳಕೆಗೆ ಬಂದ ಈ ವಸ್ತು ದಕ್ಷಿಣ ಕೊರಿಯಾದಲ್ಲಿ ಸೌಂದರ್ಯಚಿಕಿತ್ಸೆಯಾಗಿ ಜನಪ್ರಿಯವಾಗಿ, ಅಲ್ಲಿಂದ ಇತರ ದೇಶಗಳಿಗೆ ಹರಡಿತು.

ಚರ್ಮವೈದ್ಯರು ಇದನ್ನು ಸಣ್ಣ ಸೂಜಿಯಿಂದ ಮುಖದ ಚರ್ಮದ ಒಳಪದರಕ್ಕೆ ಅಲ್ಲಲ್ಲಿ ಚುಚ್ಚುತ್ತಾರೆ. ಕೆಲವು ವಾರಗಳ ಅಂತರದಲ್ಲಿ ಮೂರು ನಾಲ್ಕು ಬಾರಿ ಚಿಕಿತ್ಸೆ ನಡೆಯುತ್ತದೆ. ದೇಹದ ಕಿಣ್ವಗಳು ಸರಪಳಿಯನ್ನು ಒಡೆಯುತ್ತವೆ. ಹಾಗೆ ಬಿಡುಗಡೆಯಾದ ತುಣುಕುಗಳು ಜೀವಕೋಶಗಳ ಮೇಲಿನ ಅಡಿನೋಸಿನ್ ಗ್ರಾಹಕಗಳನ್ನು ಪ್ರಚೋದಿಸಿ ಉರಿಯೂತವನ್ನು ತಗ್ಗಿಸುತ್ತವೆ, ಕೊಲಾಜೆನ್ ತಯಾರಿಸುವ ಕೋಶಗಳಿಗೆ ಚುರುಕು ನೀಡುತ್ತವೆ. ಉಳಿದ ತುಣುಕುಗಳನ್ನು ಕೋಶಗಳು ತಮ್ಮ ದುರಸ್ತಿಗೆ ಕಚ್ಚಾವಸ್ತುವಾಗಿ ಬಳಸಿಕೊಳ್ಳುತ್ತವೆ. ಮೀನಿನ ಗುಣಗಳು ಇದರಿಂದ ಮನುಷ್ಯನಿಗೆ ಬರುವುದಿಲ್ಲ. ಹೀಗೆ ತುಂಡಾದ ಸರಪಳಿ ಇಲ್ಲಿ ವಂಶವಾಹಿಯಾಗಿ ಕೆಲಸ ಮಾಡುವುದಿಲ್ಲ.

ಮಧುಮೇಹಿಗಳ ಪಾದದ ಹುಣ್ಣು ಮಾಯಲು ಇದು ನೆರವಾಗುವುದೆಂದು ಇಟಲಿಯಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಸುಕ್ಕು, ಕಲೆ ಮತ್ತು ಕಾಂತಿಯ ವಿಷಯದಲ್ಲಿ ನಡೆದಿರುವ ಅಧ್ಯಯನಗಳು ಹೆಚ್ಚಾಗಿ ಚಿಕ್ಕವು, ಅಲ್ಪಾವಧಿಯವು. ಚುಚ್ಚಿದ ಕಡೆ ಕೆಲವು ದಿನ ಊತ, ಕೆಂಪು ಮತ್ತು ಕಂದುಗಟ್ಟುವಿಕೆ ಸಾಮಾನ್ಯ. ಮೀನಿನ ಅಲರ್ಜಿ ಇರುವವರಿಗೆ ಈ ಚಿಕಿತ್ಸೆ ಸಲ್ಲದು. ಇದೇ ಹೆಸರಿನ ಮುಲಾಮು, ದ್ರವಗಳೂ ಮಾರುಕಟ್ಟೆಯಲ್ಲಿವೆ. ಆದರೆ ಇಷ್ಟು ದೊಡ್ಡ ಅಣುಗಳು ಅಖಂಡವಾದ ಚರ್ಮದ ಹೊರಪದರವನ್ನು ದಾಟಿ ಒಳಗೆ ಇಳಿಯುವುದು ಕಷ್ಟ. ಆದ್ದರಿಂದ ಚುಚ್ಚುಮದ್ದಿನ ಫಲಿತಾಂಶವನ್ನು ಮುಲಾಮಿಗೆ ಅನ್ವಯಿಸುವುದು ಸರಿಯಲ್ಲ.

ಮೀಷರ್ ಅವರು ಹೆಸರಿಸಿದ ಪ್ರೋಟಮೀನ್ ಕೂಡ ಔಷಧವಾಗಿ ಬಳಕೆಯಲ್ಲಿದೆ. ರಕ್ತ ಹೆಪ್ಪುಗಟ್ಟದಂತೆ ನೀಡುವ ಹೆಪಾರಿನ್‌ನ ಪರಿಣಾಮವನ್ನು ನಿಲ್ಲಿಸಲು ಇದನ್ನು ಕೊಡುತ್ತಾರೆ. ಮಧುಮೇಹಿಗಳು ಬಳಸುವ ಎನ್‌ಪಿಎಚ್ ಇನ್ಸುಲಿನ್ ನಿಧಾನವಾಗಿ ರಕ್ತಕ್ಕೆ ಸೇರುವಂತೆ ಮಾಡುವುದೂ ಇದೇ ಪ್ರೋಟಮೀನ್.

ಸ್ಮರಣೆ

ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸೊಸೈಟಿಯು ಟ್ಯೂಬಿಂಗೆನ್‌ನಲ್ಲಿ ೧೯೬೯ರಲ್ಲಿ ಸ್ಥಾಪಿಸಿದ ಪ್ರಯೋಗಾಲಯಕ್ಕೂ, ಬಾಸೆಲ್‌ನಲ್ಲಿ ೧೯೭೦ರಲ್ಲಿ ಆರಂಭವಾದ ಜೀವವೈದ್ಯಕೀಯ ಸಂಶೋಧನಾ ಸಂಸ್ಥೆಗೂ ಮೀಷರ್ ಅವರ ಹೆಸರನ್ನು ಇಡಲಾಗಿದೆ. ಟ್ಯೂಬಿಂಗೆನ್ ಕೋಟೆಯ ಆ ಹಳೆಯ ಅಡುಗೆಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಸಾಲ್ಮನ್ ವೀರ್ಯದಿಂದ ಮೀಷರ್ ಅವರು ಸಿದ್ಧಪಡಿಸಿದ ನ್ಯೂಕ್ಲೀನ್ ಇರುವ ಚಿಕ್ಕ ಗಾಜಿನ ಶೀಷೆಯನ್ನು ಅಲ್ಲಿ ಕಾಣಬಹುದು.

ಅವರ ಪ್ರಯೋಗಗಳಿಗೆ ಮೂಲವಾಗಿದ್ದ ರೈನ್ ನದಿಯ ಸಾಲ್ಮನ್ ಸಂತತಿ ಅಣೆಕಟ್ಟುಗಳಿಂದಲೂ ನೀರಿನ ಮಾಲಿನ್ಯದಿಂದಲೂ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಕಣ್ಮರೆಯಾಯಿತು. ೧೯೮೬ರಲ್ಲಿ ಬಾಸೆಲ್ ಬಳಿಯ ರಾಸಾಯನಿಕ ಗೋದಾಮಿನ ಬೆಂಕಿ ಅನಾಹುತದಿಂದ ನದಿಗೆ ವಿಷ ಸೇರಿದ ಬಳಿಕ ತೀರದ ದೇಶಗಳು ಒಟ್ಟಾಗಿ ನದಿಯನ್ನು ಶುದ್ಧಗೊಳಿಸಿ ಸಾಲ್ಮನ್ ಮೀನುಗಳನ್ನು ಮರಳಿ ತರುವ ಯೋಜನೆಯನ್ನು ಕೈಗೊಂಡವು. ಆ ಪ್ರಯತ್ನ ಈಗಲೂ ಮುಂದುವರಿದಿದೆ.